ನಮ್ಮ ಗಿಟಾರ್ ಮಾಸ್ತರು ಹೋದರು. ನೆನಪಿದ್ದವರು ಬರೆಯಿರಿ

ಕೇಶ್ವಾಪುರದ ಹುಡುಗ (ಮಂಗಳವಾರ, ರಾತ್ರಿ 9:20)

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಗಿನ ಜಾವ ನಮ್ಮ ಹವಾಯಿಯನ್ ಗಿಟಾರ್ ಮಾಸ್ತರು ತೀರಿಕೊಂಡರು. 84 ವರ್ಷ ಆಗಿತ್ತು. ಹುಬ್ಬಳ್ಳಿಯಲ್ಲಿ, ಅವರ ಮನೆಯಲ್ಲೇ. ಹೆಸರು ಇಲ್ಲಿ ಹಾಕುವುದು ಬೇಡ ಅಂತ ಮನೆಯವರು ಹೇಳಿದ್ದಾರೆ. ನಮಗಂತೂ ಅವರು ಯಾವಾಗಲೂ ಮಾಸ್ತರೇ. ಗಿಟಾರನ್ನು ತೊಡೆ ಮೇಲೆ ಮಲಗಿಸಿ, ಕೈಯಲ್ಲಿ ಉಕ್ಕಿನ ರಾಡ್ ಹಿಡಿದು ಬಾರಿಸುತ್ತಿದ್ದವರು ಅಂದರೆ ಈ ಊರಿನಲ್ಲಿ ಬಹಳ ಜನಕ್ಕೆ ಗೊತ್ತಾಗುತ್ತದೆ.

ನಾನು ಅವರ ಹತ್ತಿರ ಹೋದದ್ದು 1988ರಲ್ಲಿ. ಆಗ ನನಗೆ 14 ವರ್ಷ. ಸಿನಿಮಾ ಹಾಡು ಬಾರಿಸಬೇಕು ಅಂತ ಆಸೆ. ಮೊದಲ ದಿನ ಅವರು ಒಂದು ಉದ್ದನೆಯ ಕಪ್ಪು ಕಾಗದ ಕತ್ತರಿಸಿ ತಂತಿಗಳ ಕೆಳಗೆ ತೂರಿಸಿದರು. ಗಿಟಾರಿನ ಮೇಲಿನ ಗೆರೆಗಳೆಲ್ಲ ಮುಚ್ಚಿಹೋದವು. ಯಾವ ಸ್ವರ ಎಲ್ಲಿದೆ ಅಂತ ಕಾಣುವುದೇ ಇಲ್ಲ. “ಗೆರಿ ನೋಡಬ್ಯಾಡೋ ತಮ್ಮಾ. ಮೊದಲ ಹಾಡು. ಹಾಡಿದ್ದನ್ನ ಹುಡುಕು” ಅಂದರು.

ನನಗೆ ಹಾಡಲು ನಾಚಿಕೆ. ಸ ಹಿಡಿದು ಪ ತನಕ ಸರಿಯಾಗಿ ಹೋಗಲು ಎರಡು ವಾರ ಬೇಕಾಯಿತು. ಪ್ರತಿ ಸಲ ಒಂಚೂರು ಮೇಲೆ, ಇಲ್ಲವೇ ಒಂಚೂರು ಕೆಳಗೆ. ಮಾಸ್ತರು ಸಿಟ್ಟಾಗುತ್ತಿರಲಿಲ್ಲ. ತಾವೇ ಮೆಲ್ಲಗೆ ಪ ಹಾಡುತ್ತಾ ಕೂರುತ್ತಿದ್ದರು. ಉಸಿರು ಮುಗಿದರೆ ಇನ್ನೊಂದು ಉಸಿರು, ಮತ್ತೆ ಅದೇ ಪ. ನನ್ನ ರಾಡ್ ಅವರ ದನಿಗೆ ಬಂದು ಸೇರುವ ತನಕ ಬಿಡುತ್ತಿರಲಿಲ್ಲ. ಎರಡೂ ಒಂದಾದಾಗ ಕೋಣೆಯಲ್ಲಿ ಒಂದೇ ದನಿ ಉಳಿಯುತ್ತಿತ್ತು. ಆ ಕ್ಷಣ ಇವತ್ತಿಗೂ ಮೈಯಲ್ಲಿದೆ.

ಅವರ ಬಗ್ಗೆ ಎಲ್ಲೂ ಬರೆದಿಟ್ಟಿಲ್ಲ. ಒಂದು ರೆಕಾರ್ಡೂ ಹೊರಗೆ ಬರಲಿಲ್ಲ. ಮನೆಯಲ್ಲಿ ಒಂದು ಡಬ್ಬಿ ಕ್ಯಾಸೆಟ್ ಇದೆ ಅಂತ ಕೇಳಿದ್ದೇನೆ. ಯಾರಿಗೆ ಏನು ನೆನಪಿದೆಯೋ ಇಲ್ಲಿ ಬರೆಯಿರಿ. ಸಣ್ಣದಾದರೂ ಪರವಾಗಿಲ್ಲ.


ಬೆಟಗೇರಿ ತಬಲಾ (ಮಂಗಳವಾರ, ರಾತ್ರಿ 10:05)

ಸುದ್ದಿ ಇಲ್ಲೇ ತಿಳಿಯಿತು. ಕೈಕಾಲು ಆಡಲಿಲ್ಲ.

ಹತ್ತು ವರ್ಷ ಅವರ ಜೊತೆ ತಬಲಾ, ಢೋಲಕ್ ಬಾರಿಸಿದ್ದೇನೆ. ಮದುವೆ, ಗಣಪತಿ ಪೆಂಡಾಲು, ಜಾತ್ರೆ. ಆಗ ಆರ್ಕೆಸ್ಟ್ರಾ ಅಂದರೆ ಒಂದು ಹವಾಯಿಯನ್ ಗಿಟಾರ್ ಇರಬೇಕಿತ್ತು. ಹಾಡುವವರು ಬರುವುದು ತಡವಾದರೆ ಮೊದಲ ಅರ್ಧ ಗಂಟೆ ಮಾಸ್ತರೇ ನಡೆಸುತ್ತಿದ್ದರು.

ಗದಗಿನಲ್ಲಿ ಒಂದು ಮದುವೆ. ಏಪ್ರಿಲ್ ತಿಂಗಳು, ಮಧ್ಯಾಹ್ನದ ಹೊತ್ತು. ನಡುವೆ ಕರೆಂಟ್ ಹೋಯಿತು. ಆಂಪ್ಲಿಫೈಯರ್ ಬಂದ್. ಕರೆಂಟಿನ ಗಿಟಾರ್ ಬರೀ ಹಲಗೆ ಆಯಿತು. ಜನ ಎದ್ದು ಊಟದ ಕಡೆ ಹೊರಟರು. ಮಾಸ್ತರು ಕಟ್ಟಿಗೆಯ ಗಿಟಾರನ್ನು ಯಾವಾಗಲೂ ಜೊತೆಗೆ ತರುತ್ತಿದ್ದರು. ಅದನ್ನು ತೆಗೆದು ಭೀಮಪಲಾಸ್ ರಾಗ ಶುರು ಮಾಡಿದರು. ಮುಂದಿನ ಸಾಲಿನ ಅಜ್ಜಿಯರು ಕುರ್ಚಿ ಎಳೆದುಕೊಂಡು ಹತ್ತಿರ ಬಂದರು. ಹೊರಟವರು ಬಾಗಿಲಲ್ಲೇ ನಿಂತರು. ಅವರ ದನಿ ಮುಚ್ಚಬಾರದು ಅಂತ ನಾನು ಬೆರಳ ತುದಿಯಲ್ಲಿ ಮಾತ್ರ ಬಾರಿಸಿದೆ.

ಇಪ್ಪತ್ತು ನಿಮಿಷಕ್ಕೆ ಕರೆಂಟ್ ಬಂತು. ಫ್ಯಾನುಗಳು ಗರಗರ ಅಂತ ತಿರುಗಲು ಶುರುವಾದವು. ಹೆಣ್ಣಿನ ತಂದೆ ತಾವೇ ಎದ್ದು ಹೋಗಿ ಎಲ್ಲ ಫ್ಯಾನ್ ಬಂದ್ ಮಾಡಿ ಬಂದು ಕೂತರು. ಗದಗಿನ ಏಪ್ರಿಲ್ ಬಿಸಿಲು ಗೊತ್ತಲ್ವಾ? ಆ ಸೆಕೆಯಲ್ಲಿ ಒಬ್ಬರೂ ಏಳಲಿಲ್ಲ.


ವಿದ್ಯಾನಗರ 21 (ಬುಧವಾರ, ಬೆಳಿಗ್ಗೆ 7:40)

ನಾನು ಇಂಜಿನಿಯರಿಂಗ್ ವಿದ್ಯಾರ್ಥಿ. ಮಾಸ್ತರನ್ನು ನೋಡಿಲ್ಲ, ಓದಿ ಬೇಜಾರಾಯಿತು. ಒಂದು ಪ್ರಶ್ನೆ. ಸ್ಟೀಲ್ ಗಿಟಾರ್ ಅಂದರೆ ಗಿಟಾರೇ ಸ್ಟೀಲಿನದಾ? ನಾವು ಕಾಲೇಜಿನಲ್ಲಿ ಬಾರಿಸುವ ಗಿಟಾರಿಗೂ ಅದಕ್ಕೂ ಏನು ವ್ಯತ್ಯಾಸ?


ಕೇಶ್ವಾಪುರದ ಹುಡುಗ (ಬುಧವಾರ, ಬೆಳಿಗ್ಗೆ 8:15)

ತಮ್ಮಾ, ಗಿಟಾರ್ ಕಟ್ಟಿಗೆಯದೇ. ಎಡಗೈಯಲ್ಲಿ ಹಿಡಿಯುವ ರಾಡ್ ಉಕ್ಕಿನದು. ಅದರಿಂದಲೇ ಆ ಹೆಸರು. ನೀವು ಬೆರಳಿನಿಂದ ತಂತಿಯನ್ನು ಒತ್ತಿ ಹಿಡಿಯುತ್ತೀರಿ. ಇಲ್ಲಿ ಒತ್ತುವುದೇ ಇಲ್ಲ. ತಂತಿಗಳನ್ನು ಎತ್ತರಿಸಿ ಕಟ್ಟಿರುತ್ತಾರೆ. ರಾಡ್ ಅವುಗಳ ಮೇಲೆ ಸುಮ್ನೆ ಕೂತು ಜಾರುತ್ತದೆ. ಬಲಗೈ ಹೆಬ್ಬೆರಳು ಮತ್ತು ಮೊದಲ ಎರಡು ಬೆರಳಿಗೆ ಪಿಕ್ ಹಾಕಿ ಮೀಟುತ್ತಾರೆ. ನೀವು ಗೆರೆಯ ಹಿಂದೆ ಒತ್ತಿದರೂ ಸ್ವರ ಸರಿಯಾಗಿ ಬರುತ್ತದೆ, ಯಾಕೆಂದರೆ ಕಂಬಿ ನಿಮ್ಮನ್ನು ಕಾಯುತ್ತದೆ. ಇಲ್ಲಿ ಕಾಯುವವರು ಯಾರೂ ಇಲ್ಲ. ರಾಡ್ ಕೂದಲೆಳೆಯಷ್ಟು ಸರಿದರೂ ಸ್ವರ ಕೆಡುತ್ತದೆ.

ಮತ್ತೊಂದು ಕಷ್ಟ ಇದೆ. ರಾಡ್ ಇಟ್ಟ ಕಡೆ ಅದರ ಹಿಂದಿನ ತಂತಿಯೂ ಗುಂಯ್ ಅನ್ನುತ್ತದೆ. ಅದಕ್ಕೇ ರಾಡಿನ ಹಿಂದೆ ಉಂಗುರ ಬೆರಳು, ಕಿರುಬೆರಳು ತಂತಿ ಮೇಲೆ ಹಗುರವಾಗಿ ಎಳೆದುಕೊಂಡು ಬರಬೇಕು. ಮಾಸ್ತರು ಇದನ್ನು “ಹಿಂದ ಕಸ ಹೊಡಕೋತ ಬಾ” ಅನ್ನುತ್ತಿದ್ದರು.

ಹಾಡುಗಳಿಗೆ ಅವರು ಇಡುತ್ತಿದ್ದ ಶ್ರುತಿ ಎ ಮೇಜರ್. ಆರನೇ ತಂತಿಯಿಂದ ಮೊದಲನೆಯದರ ತನಕ ಪ, ಸ, ಪ, ಸ, ಗ, ಪ. ಭೀಮಪಲಾಸ್ ಬಾರಿಸುವಾಗ ಎರಡನೇ ತಂತಿಯನ್ನು ಗ ಇಂದ ಮಧ್ಯಮಕ್ಕೆ ಏರಿಸುತ್ತಿದ್ದರು. ಭೀಮಪಲಾಸಿಗೆ ಬೇಕಾದದ್ದು ಕೋಮಲ ಗಾಂಧಾರ, ಅಂದರೆ ಸ್ವಲ್ಪ ತಗ್ಗಿದ ಗ. ತೆರೆದ ತಂತಿಯಲ್ಲಿ ಶುದ್ಧ ಗ ಝೇಂಕರಿಸಿದರೆ ರಾಗ ಹಾಳು. ಮಧ್ಯಮವಾದರೆ ಆ ರಾಗದ ವಾದಿ, ಅಂದರೆ ಮುಖ್ಯ ಸ್ವರ, ಎಷ್ಟು ಝೇಂಕರಿಸಿದರೂ ಚೆಂದ.


ಸ್ಟೇಷನ್ ರೋಡ್ (ಬುಧವಾರ, ಬೆಳಿಗ್ಗೆ 11:30)

ವಿದ್ಯಾನಗರದ ತಮ್ಮನಿಗೆ ಇನ್ನೊಂದಷ್ಟು. ಈ ಪದ್ಧತಿ ಹುಟ್ಟಿದ್ದು ಹವಾಯಿ ದ್ವೀಪಗಳಲ್ಲಿ. ಓವಾಹು ದ್ವೀಪದ ಲಾಯಿಯೆ ಎಂಬ ಊರಿನ ಜೋಸೆಫ್ ಕೆಕುಕು ಎಂಬ ಹುಡುಗ ಇದನ್ನು ಶುರು ಮಾಡಿದ ಅನ್ನುತ್ತಾರೆ. ಅವನು ಹುಟ್ಟಿದ್ದು 1874ರಲ್ಲಿ. ಗಿಟಾರ್ ಹಿಡಿದು ರೈಲು ಹಳಿ ಮೇಲೆ ನಡೆಯುವಾಗ ಬಿದ್ದಿದ್ದ ಒಂದು ಬೋಲ್ಟ್ ಎತ್ತಿಕೊಂಡ, ಅದು ತಂತಿಗೆ ತಾಗಿ ಜಾರಿ ದನಿ ಹೊರಟಿತು ಅಂತ ಕಥೆ. ಭಾರತದಿಂದ ಹಡಗಿನಲ್ಲಿ ಹವಾಯಿ ಸೇರಿದ್ದ ಗೇಬ್ರಿಯಲ್ ಡೇವಿಯನ್ ಎಂಬ ನಾವಿಕ ಅದಕ್ಕೂ ಮೊದಲೇ ಹೀಗೆ ಬಾರಿಸುತ್ತಿದ್ದ ಅಂತ ಹೇಳುವವರೂ ಇದ್ದಾರೆ.

ನಮ್ಮ ದೇಶದಲ್ಲಿ ಇದು ಬೇರೂರಿದ್ದು ಕಲ್ಕತ್ತಾದಲ್ಲಿ. ಟಾವ್ ಮೋ ಎಂಬ ಕಲಾವಿದ 1940ರ ದಶಕದಲ್ಲಿ ಸಂಸಾರದ ಜೊತೆ ಅಲ್ಲಿ ನೆಲೆಸಿ ನುಡಿಸಿದ, ಕಲಿಸಿದ. ಅವನು ಬೆಳೆದದ್ದೂ ಅದೇ ಲಾಯಿಯೆ ಊರಿನಲ್ಲಿ. ಆಮೇಲೆ ವ್ಯಾನ್ ಶಿಪ್ಲಿ, ಸುನಿಲ್ ಗಂಗೂಲಿ ಇವರ ರೆಕಾರ್ಡುಗಳು ಬಂದವು. ನಮ್ಮ ಕಾಲದವರಿಗೆ ಗಿಟಾರಿನಲ್ಲಿ ಸಿನಿಮಾ ಹಾಡು ಅಂದರೆ ಇವರೇ. ವಿವಿಧ ಭಾರತಿ ಶುರುವಾದದ್ದು 1957ರ ಅಕ್ಟೋಬರ್‌ನಲ್ಲಿ. ರೇಡಿಯೊದಲ್ಲಿ ಎರಡು ಕಾರ್ಯಕ್ರಮದ ನಡುವೆ ಸಮಯ ಉಳಿದರೆ ಗಿಟಾರ್ ಹಾಕುತ್ತಿದ್ದರು. ಮಾಸ್ತರು ಅದನ್ನು ಕೇಳಲು ಚಹಾದ ಅಂಗಡಿ ಮುಂದೆ ಸೈಕಲ್ ನಿಲ್ಲಿಸುತ್ತಿದ್ದರು. ಅರ್ಧಕ್ಕೆ ಸುದ್ದಿ ಶುರುವಾದರೆ ಉಳಿದದ್ದನ್ನು ತಾವೇ ಗುನುಗುತ್ತಾ ಹೋಗುತ್ತಿದ್ದರು. ಅಂಗಡಿ ನಮ್ಮ ತಂದೆಯದು. ಕಣ್ಣಾರೆ ನೋಡಿದ್ದೇನೆ.


ಸಾಧನಕೇರಿ (ಬುಧವಾರ, ಸಂಜೆ 6:10)

ನಾನು ಹಾಡುವವಳು, ಹಾಡು ಕಲಿಸುವವಳು. ಇದನ್ನು ಬರೆಯಲು ಇಡೀ ದಿನ ಯೋಚನೆ ಮಾಡಿದೆ.

ಮಾಸ್ತರು ಧಾರವಾಡಕ್ಕೆ ನಮ್ಮ ಗುರುಗಳ ಮನೆಗೆ ಬರುತ್ತಿದ್ದರು. ಪಾಠ ನಡೆಯುವಾಗ ಹಿಂದೆ ಗೋಡೆಗೆ ಒರಗಿ ಕೂರುತ್ತಿದ್ದರು. ಏನೂ ಕೇಳುತ್ತಿರಲಿಲ್ಲ. ಎರಡು ಗಂಟೆ ಕೂತು, ನಮಸ್ಕಾರ ಮಾಡಿ, ಕೊನೆಯ ಬಸ್ ಹಿಡಿದು ಹುಬ್ಬಳ್ಳಿಗೆ ಹೋಗುತ್ತಿದ್ದರು. ಹೀಗೆ ವರ್ಷಗಟ್ಟಲೆ. ಕುಂದಗೋಳದಲ್ಲಿ ಸವಾಯಿ ಗಂಧರ್ವರ ಪುಣ್ಯತಿಥಿಯ ಸಂಗೀತ ನಡೆದರೆ ರಾತ್ರಿಯಿಡೀ ಅಲ್ಲೇ. ಗಂಗೂಬಾಯಿಯವರ ಹಾಡು, ಮನ್ಸೂರರ ಹಾಡು ಅಂದರೆ ಎಲ್ಲಿದ್ದರೂ ಹೋಗುತ್ತಿದ್ದರು.

ನನಗಾಗ ಇಪ್ಪತ್ತೈದು ವರ್ಷ. ಒಂದು ದಿನ ಅವರಿಗೆ ಹೇಳಿಬಿಟ್ಟೆ. “ಕಾಕಾ, ಇದು ಹೊರಗಿನ ವಾದ್ಯ. ಇದರಲ್ಲಿ ನಮ್ಮ ಸ್ವರ ಹೇಗೆ ಬರುತ್ತೆ?” ಅವರು ಬೇಸರ ಮಾಡಿಕೊಳ್ಳಲಿಲ್ಲ. “ದರಬಾರಿ ಗಾಂಧಾರ ಹಾಡವಾ” ಅಂದರು. ದರಬಾರಿ ರಾಗದ ಆ ಕೋಮಲ ಗಾಂಧಾರ ಒಂದು ಕಡೆ ನಿಲ್ಲುವುದಲ್ಲ. ಕೆಳಗಿನ ರಿಷಭದ ಕಡೆಗೆ ವಾಲಿ, ನಿಧಾನವಾಗಿ ತೂಗಬೇಕು. ನಾನು ಹಾಡಿದೆ. ಅವರು ರಾಡ್ ಇಟ್ಟರು. ನನ್ನ ದನಿ ತೂಗಿದ ಹಾಗೆ ಅವರ ಕೈ ತೂಗಿತು. ನಾನು ಉಸಿರಿಗೆ ನಿಲ್ಲಿಸಿದೆ. ಗಿಟಾರ್ ಇನ್ನೂ ಒಂದು ಸಲ ತೂಗಿ ನಿಂತಿತು. ನಮ್ಮ ಗುರುಗಳು ಒಳಗಿನಿಂದ ಬಂದು, “ಯಾರು ಹಾಡಿದ್ದು ಈಗ?” ಅಂತ ಕೇಳಿದರು.

ಹಾರ್ಮೋನಿಯಂನಲ್ಲಿ ಮೀಂಡ್, ಅಂದರೆ ಒಂದು ಸ್ವರದಿಂದ ಇನ್ನೊಂದಕ್ಕೆ ಕಡಿಯದೆ ಜಾರುವುದು, ಬರುವುದಿಲ್ಲ. ಒಂದು ಪಟ್ಟಿಯಿಂದ ಇನ್ನೊಂದಕ್ಕೆ ಹಾರಬೇಕು. 1940ರಲ್ಲಿ ಆಕಾಶವಾಣಿ ಅದನ್ನು ಹೊರಗಿಟ್ಟದ್ದಕ್ಕೆ ಇದೂ ಒಂದು ಕಾರಣ. ಮುಂದೆ ಎಷ್ಟೋ ವರ್ಷ ಆದ ಮೇಲೆ ಸಡಿಲ ಮಾಡಿದರು. ಅದೇ ಹಾರ್ಮೋನಿಯಂ ಇಟ್ಟುಕೊಂಡು ನಾನು ದಿನಾ ಹಾಡುತ್ತಿದ್ದೆ. ಮೀಂಡ್ ಬಿಟ್ಟರೆ ಬೇರೆ ದಾರಿಯೇ ಇಲ್ಲದ ವಾದ್ಯವನ್ನು ಹೊರಗಿನದು ಅಂದೆ. ಅವರ ಹತ್ತಿರ ಕ್ಷಮೆ ಕೇಳಬೇಕು ಅಂತಿದ್ದೆ. ಆ ದಿನದ ನಂತರ ನಾನೇ ಅವರನ್ನು ಮುಂದೆ ಕರೆದು ಕೂರಿಸುತ್ತಿದ್ದೆ, ಆದರೆ ಬಾಯಿಬಿಟ್ಟು ಕೇಳಲಿಲ್ಲ.


ರಾಗಪ್ರಿಯ (ಬುಧವಾರ, ರಾತ್ರಿ 9:50)

ಅಕ್ಕಾ, ನೀವು ಬರೆದದ್ದು ಓದಿ ಮನಸ್ಸು ತುಂಬಿತು. ಆದರೂ ಒಂದು ಮಾತು. ಸಾವಿನ ಮನೆಯಲ್ಲಿ ಹೇಳಬಾರದೋ ಏನೋ, ಮಾಸ್ತರೇ ಒಪ್ಪುತ್ತಿದ್ದರು ಅನ್ನುವ ಧೈರ್ಯದಿಂದ ಹೇಳುತ್ತೇನೆ. ಈ ವಾದ್ಯಕ್ಕೆ ಒಂದು ಅಪಾಯ ಇದೆ. ಜಾರುವುದು ಸುಲಭ, ಕೇಳಲು ಇಂಪು. ಹಾಗಾಗಿ ಎಲ್ಲದಕ್ಕೂ ಜಾರಿಬಿಡುತ್ತಾರೆ. ಸ್ವರ ನಿಲ್ಲುವುದೇ ಇಲ್ಲ. ನಾನು ಕೇಳಿದ ಎಷ್ಟೋ ಹವಾಯಿಯನ್ ಗಿಟಾರ್ ಹೀಗೇ ಇತ್ತು. ಇನ್ನೊಂದು, ತಂತಿ ಮೀಟಿದ ಮೇಲೆ ದನಿ ಕರಗುತ್ತಾ ಹೋಗುತ್ತದೆ. ಗಾಯಕರು ಒಂದು ಷಡ್ಜದಲ್ಲಿ ನಿಲ್ಲುವಷ್ಟು ಹೊತ್ತು ಗಿಟಾರ್ ನಿಲ್ಲಲಾರದು.


ಕೇಶ್ವಾಪುರದ ಹುಡುಗ (ಬುಧವಾರ, ರಾತ್ರಿ 10:30)

ಸರ್, ಹೇಳಬಾರದ್ದೇನಲ್ಲ. ಮಾಸ್ತರು ಇದನ್ನೇ ನಮಗೆ ಬೈಯುತ್ತಿದ್ದರು. ಎರಡು ವರ್ಷ ನನಗೆ ವೈಬ್ರೇಟೊ ಮಾಡಲು ಬಿಡಲಿಲ್ಲ. ಕೈ ನಡುಗಿಸಿದರೆ ತಪ್ಪು ಸ್ವರ ಮುಚ್ಚಿಹೋಗುತ್ತದೆ, ಅದಕ್ಕೆ. “ಮೊದಲ ಮನೀ ಮುಟ್ಟು, ಆಮ್ಯಾಲ ಅಂಗಳದಾಗ ಆಡು” ಅನ್ನುತ್ತಿದ್ದರು.

ದನಿ ಕರಗುವುದು ನಿಜ. ಅದು ಪೂರ್ತಿ ಕರಗುವ ಮುಂಚೆ ಗೊತ್ತಾಗದ ಹಾಗೆ ಇನ್ನೊಂದು ಮೀಟು ಹಾಕುತ್ತಿದ್ದರು. ರಾಡ್ ಭಾರ ಇದ್ದಷ್ಟೂ ದನಿ ಜಾಸ್ತಿ ಹೊತ್ತು ನಿಲ್ಲುತ್ತದೆ. ಅದಕ್ಕೇ ತಮ್ಮ ರಾಡ್ ತಾವೇ ಮಾಡಿಸಿಕೊಂಡಿದ್ದರು.


ಬೆಟಗೇರಿ ತಬಲಾ (ಬುಧವಾರ, ರಾತ್ರಿ 10:48)

ರಾಗಪ್ರಿಯ ಅವರೇ, ಬ್ರಿಜಭೂಷಣ ಕಾಬ್ರಾ ಅವರನ್ನು ಕೇಳಿದ್ದೀರಲ್ಲ? ಮಾಸ್ತರಿಗೆ ಅವರು ದೇವರು. ಜೋಧಪುರದವರು, 1937ರಲ್ಲಿ ಹುಟ್ಟಿದವರು. ಗಿಟಾರಿನಲ್ಲಿ ರಾಗ ಬಾರಿಸಬಹುದು ಅಂತ ತೋರಿಸಿಕೊಟ್ಟವರು. ನಡುನಡುವೆ ಷಡ್ಜ ಮೀಟಲು ಚಿಕಾರಿ ತಂತಿ ಸೇರಿಸಿದರು, ಗುರುಗಳಾದ ಅಲಿ ಅಕ್ಬರ್ ಖಾನರ ಸರೋದಿನ ನಡೆಯನ್ನು ಗಿಟಾರಿಗೆ ತಂದರು. ನಮ್ಮ ಸರೋದ್ ವಾದಕ ರಾಜೀವ ತಾರಾನಾಥರ ಗುರುಗಳೂ ಆ ಖಾನರೇ ತಾನೆ. 1967ರಲ್ಲಿ ಶಿವಕುಮಾರ ಶರ್ಮಾ, ಹರಿಪ್ರಸಾದ ಚೌರಾಸಿಯಾ ಜೊತೆ ಕಾಬ್ರಾ ನುಡಿಸಿದ ‘ಕಾಲ್ ಆಫ್ ದಿ ವ್ಯಾಲಿ’ ತಟ್ಟೆ ಮಾಸ್ತರ ಮನೆಯಲ್ಲಿ ಸವೆದುಹೋಗಿತ್ತು. ಸಂತೂರ್, ಕೊಳಲು ಎಲ್ಲರಿಗೂ ನೆನಪಿರುತ್ತದೆ. ಮಾಸ್ತರು ಗಿಟಾರ್ ಬರುವ ಜಾಗ ಬಂದಾಗ ಕೈ ಎತ್ತಿ ಎಲ್ಲರ ಮಾತು ನಿಲ್ಲಿಸುತ್ತಿದ್ದರು.

2018ರ ಏಪ್ರಿಲ್‌ನಲ್ಲಿ ಕಾಬ್ರಾ ತೀರಿಕೊಂಡರು. ಆ ದಿನ ನಾನು ಫೋನ್ ಮಾಡಿದೆ. ಮಾಸ್ತರು ಮಾತಾಡಲಿಲ್ಲ. ಫೋನ್ ಪಕ್ಕದಲ್ಲಿಟ್ಟು ಹತ್ತು ನಿಮಿಷ ಬಾರಿಸಿದರು. ನಾನು ಈ ಕಡೆ ಕೇಳುತ್ತಾ ಕೂತೆ.


ರಾಗಪ್ರಿಯ (ಬುಧವಾರ, ರಾತ್ರಿ 11:02)

ಕೇಳಿದ್ದೇನೆ ಸರ್. ಕಾಬ್ರಾ ವಿಷಯದಲ್ಲಿ ನನ್ನ ಮಾತು ವಾಪಸ್. ಮಾಸ್ತರ ಶಾಸ್ತ್ರೀಯ ನಾನು ಒಮ್ಮೆಯೂ ಕೇಳಲಿಲ್ಲ, ಬರೀ ಪೆಂಡಾಲಿನ ಹಾಡು ಕೇಳಿದ್ದೆ. ಆ ಕ್ಯಾಸೆಟ್ ಕೇಳಲು ಸಿಗಬಹುದಾ?


ಗೋಕುಲ ರೋಡ್ ಲೇತ್ (ಗುರುವಾರ, ಮಧ್ಯಾಹ್ನ 1:15)

ರಾಡ್ ವಿಷಯ ಬಂತಲ್ಲ, ಅದನ್ನು ಮಾಡಿದ್ದು ನಾನು. ಸಂಗೀತ ನನಗೆ ಗೊತ್ತಿಲ್ಲ. ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಲೇತ್ ಇಟ್ಟುಕೊಂಡಿದ್ದೇನೆ.

ಮಾಸ್ತರು ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್. ಕಬ್ಬಿಣದ ಮಾತು ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಸ್ಟೇನ್‌ಲೆಸ್ ಸ್ಟೀಲಿನ ತುಂಡು ತಂದರು. ಮುಕ್ಕಾಲು ಇಂಚು ದಪ್ಪ, ಮೂರು ಇಂಚಿಗೆ ಸ್ವಲ್ಪ ಕಡಿಮೆ ಉದ್ದ. ಒಂದು ತುದಿ ಗುಂಡಗೆ, ಗುಂಡಿನ ಮೂತಿಯ ಹಾಗೆ ಇರಬೇಕು. ಹೆಬ್ಬೆರಳು ಕೂರಲು ಇನ್ನೊಂದು ತುದಿಯಲ್ಲಿ ಸಣ್ಣ ತಗ್ಗು. ಇಷ್ಟೇ ತಾನೆ ಅಂತ ಅರ್ಧ ಗಂಟೆಯಲ್ಲಿ ಮಾಡಿ ಕೊಟ್ಟೆ. ಅವರು ಗಾಜಿನ ಹಾಳೆ ಮೇಲೆ ಉರುಳಿಸಿದರು, ಕಿವಿ ಇಟ್ಟು ಕೇಳಿದರು. “ಕುಂಟತದ” ಅಂದರು. ಮತ್ತೊಂದು ಮಾಡಿದೆ. ಅದರ ಮೇಲೆ ಉಗುರು ಎಳೆದು, “ಇಲ್ಲೊಂದು ಗೀರು ಐತಿ, ತಂತಿ ಅಳತದ” ಅಂದರು. ನನ್ನ ಕಣ್ಣಿಗೆ ಗೀರು ಕಾಣಲೇ ಇಲ್ಲ. ಬೆಳಕಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿದೆ. ಇತ್ತು.

ಮೂರನೆಯದಕ್ಕೆ ಅವರೇ ಪಕ್ಕದಲ್ಲಿ ನಿಂತರು. ಒರಟು ಎಮರಿ ಕಾಗದದಿಂದ ಶುರು ಮಾಡಿ ನುಣುಪಿನದರ ತನಕ ಒಂದೊಂದಾಗಿ ಉಜ್ಜಿದೆವು. ಕೊನೆಗೆ ಬಟ್ಟೆ ಚಕ್ರಕ್ಕೆ ಪಾಲಿಶ್ ಹಚ್ಚಿ ಹೊಳಪು ಕೊಟ್ಟೆವು. ಸಂಜೆ ಏಳಾಗಿತ್ತು. ಗಾಜಿನ ಮೇಲೆ ಉರುಳಿಸಿದಾಗ ಸದ್ದೇ ಬರಲಿಲ್ಲ. ಅವರು ನಕ್ಕರು. ಮರುದಿನ ಗಿಟಾರ್ ಹೊತ್ತು ತಂದು ಲೇತ್ ಪಕ್ಕದ ಸ್ಟೂಲ್ ಮೇಲೆ ಕೂತು ನನಗೆ, ನಮ್ಮ ಹುಡುಗರಿಗೆ ಬಾರಿಸಿ ತೋರಿಸಿದರು. ನಮ್ಮ ಅಂಗಡಿಗೆ ಬಂದವರು ಯಾರೂ ತಾವು ಮಾಡಿಸಿದ ಸಾಮಾನು ಏನು ಕೆಲಸ ಮಾಡುತ್ತದೆ ಅಂತ ತಂದು ತೋರಿಸಿದ್ದಿಲ್ಲ. ಆಮೇಲೆ ಅವರ ಶಿಷ್ಯರಿಗೂ ಹದಿನಾಲ್ಕೋ ಹದಿನೈದೋ ರಾಡ್ ಮಾಡಿದ್ದೇನೆ.


ಏಲಕ್ಕಿಮಾಲೆ ಹಾವೇರಿ (ಗುರುವಾರ, ರಾತ್ರಿ 8:30)

ಅಣ್ಣಾ, ಆ ಹದಿನೈದರಲ್ಲಿ ಒಂದು ನನ್ನ ಹತ್ತಿರ ಇದೆ.

ಕಾಲೇಜು ಓದುವಾಗ ಎಂಟು ತಿಂಗಳು ಕಲಿತೆ. ಹುಡುಗಿಯರು ಸಿತಾರ್ ಕಲಿಯಲಿ, ಗಿಟಾರ್ ಯಾಕೆ ಅಂತ ಮನೆಯಲ್ಲಿ ಮಾತು ಬಂತು. ಮಾಸ್ತರು ಬಂದು ನಮ್ಮ ಅಪ್ಪನ ಮುಂದೆ ಕೂತು ದಾಸರ ಪದ ಬಾರಿಸಿದರು. ಅಪ್ಪ ಏನೂ ಹೇಳದೆ ಮರುದಿನ ಫೀಸು ಕೊಟ್ಟು ಕಳಿಸಿದರು. ಆಮೇಲೆ ಮದುವೆ ಆಯಿತು, ಹಾವೇರಿಗೆ ಬಂದೆ. ಗಿಟಾರ್ ಅಟ್ಟಕ್ಕೆ ಹೋಯಿತು. ರಾಡ್ ಮಾತ್ರ ಪೂಜೆ ಸಾಮಾನಿನ ಜೊತೆ ಇಟ್ಟಿದ್ದೆ.

ಇಪ್ಪತ್ತೆರಡು ವರ್ಷ ಆದ ಮೇಲೆ ನಂಬರ್ ಹುಡುಕಿ ಫೋನ್ ಮಾಡಿದೆ. ಹೆಸರು ಹೇಳಿದೆ. ಅವರು ಹೇಗಿದ್ದೀಯಾ, ಮಕ್ಕಳೆಷ್ಟು ಅಂತ ಕೇಳಲಿಲ್ಲ. “ರಾಡ್ ಐತೇನವಾ?” ಅಂದರು. ಇದೆ ಅಂದೆ. “ಹಂಗಾರ ಸ ಹಾಡು” ಅಂದರು. ಅಡುಗೆಮನೆಯಲ್ಲಿ ನಿಂತು ಹಾಡಿದೆ. ಕಣ್ಣೀರು ಬಂತು, ಸ್ವರ ಜಾರಿತು. “ಸ್ವಲ್ಪ ಕೆಳಗ ಐತಿ, ಮ್ಯಾಲ ತಗೋ” ಅಂದರು, ಅಷ್ಟೇ. ಅವತ್ತಿನಿಂದ ಪ್ರತಿ ಶನಿವಾರ ಫೋನ್ ಪಾಠ. ಆರು ವರ್ಷ ನಡೆಯಿತು. ಗಿಟಾರ್ ಅಟ್ಟದಿಂದ ಇಳಿಯಿತು. ಹಳೆಯ ತಂತಿಯಲ್ಲೇ ಬಾರಿಸುತ್ತಿದ್ದೆ.

ಮೊನ್ನೆ ಶನಿವಾರ ಅವರು ಫೋನ್ ಎತ್ತಲಿಲ್ಲ.


ಟೇಪ್ ದುರಸ್ತಿ ದುರ್ಗದಬೈಲ್ (ಶುಕ್ರವಾರ, ಬೆಳಿಗ್ಗೆ 9:00)

ಎಲ್ಲರಿಗೂ ಒಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ಆ ಕ್ಯಾಸೆಟ್‌ಗಳನ್ನು ಯಾರೂ ಮನೆಯ ಹಳೆ ಟೇಪ್‌ರೆಕಾರ್ಡರಿಗೆ ಹಾಕಬೇಡಿ. ನಮ್ಮ ಮಳೆಗಾಲದ ತೇವಕ್ಕೆ ಟೇಪಿನ ಮೇಲೆ ಬಿಳಿ ಬೂಸ್ಟು ಹಿಡಿದಿರುತ್ತದೆ. ಒಳಗಿನ ಸಣ್ಣ ಸ್ಪಂಜಿನ ಪ್ಯಾಡ್ ಉದುರಿರುತ್ತದೆ. ಹಾಕಿದ ಕೂಡಲೇ ಟೇಪ್ ಸುತ್ತಿಕೊಂಡು ಹರಿದರೆ ಮುಗಿಯಿತು.

ಮೊದಲು ಮೇಲಿನ ಅಂಚಿನ ಎರಡು ಸಣ್ಣ ಪ್ಲಾಸ್ಟಿಕ್ ಚೂರು ಮುರಿಯಿರಿ. ಅವು ಇದ್ದರೆ ತಪ್ಪಿ ಬೇರೆ ಗುಂಡಿ ಒತ್ತಿದರೂ ಅಳಿಸಿಹೋಗುತ್ತದೆ. 60ರ ಕ್ಯಾಸೆಟ್ ಒಂದು ಕಡೆ ಅರ್ಧ ಗಂಟೆ, 90ರದ್ದು ಮುಕ್ಕಾಲು ಗಂಟೆ. 120ರದ್ದು ಇದ್ದರೆ ಬೇರೆ ಇಡಿ, ಅದರ ಟೇಪ್ ಬಹಳ ತೆಳು, ಕೈಯಿಂದಲೇ ಸುತ್ತಬೇಕು. ಚಿಪ್ಪು ಹಾಳಾದದ್ದಕ್ಕೆ ಸ್ಕ್ರೂ ಇರುವ ಹೊಸ ಚಿಪ್ಪು ಹಾಕುತ್ತೇನೆ. ಪ್ರತಿ ಕ್ಯಾಸೆಟ್‌ಗೂ ಟೇಪ್ ಓದುವ ಹೆಡ್ಡಿನ ಕೋನ ಸರಿಮಾಡಿಕೊಳ್ಳಬೇಕು. ಬೇರೆ ಮಷೀನಿನಲ್ಲಿ ತುಂಬಿದ ಟೇಪು ಕೋನ ತಪ್ಪಿದರೆ ಮಂಕಾಗಿ ಕೇಳುತ್ತದೆ. ಜನ ಟೇಪೇ ಹಾಳು ಅಂದುಕೊಳ್ಳುತ್ತಾರೆ.

ಕಂಪ್ಯೂಟರಿಗೆ ಹಾಕುವಾಗ ಸುಯ್ ಅನ್ನುವ ಸದ್ದು ತೆಗೆಯಲು ಹೋಗಬೇಡಿ. ಅದರ ಜೊತೆ ಮೀಟು ಕರಗುವ ಕೊನೆಯ ದನಿಯೂ ಹೋಗುತ್ತದೆ. ಮೊದಲು ಇದ್ದದ್ದು ಇದ್ದ ಹಾಗೆ ಇಳಿಸಿ ಇಡೋಣ. ನನಗೆ ದುಡ್ಡು ಬೇಡ. ಮಾಸ್ತರು ನನ್ನ ಮಗಳ ಮದುವೆಯಲ್ಲಿ ಬಾರಿಸಿದ್ದಾರೆ.


ಸ್ಟೇಷನ್ ರೋಡ್ (ಶುಕ್ರವಾರ, ಮಧ್ಯಾಹ್ನ 3:20)

ಒಂದು ಗೊಂದಲ. ಮಾಸ್ತರಿಗೆ ಮೊದಲು ಕಲಿಸಿದವರು ಯಾರು? ಒಬ್ಬ ರಿಟೈರ್ ಆದ ರೈಲ್ವೆ ಗಾರ್ಡ್ ಅಂತ ನಮ್ಮ ತಂದೆ ಹೇಳುತ್ತಿದ್ದರು.


ಬೆಟಗೇರಿ ತಬಲಾ (ಶುಕ್ರವಾರ, ಮಧ್ಯಾಹ್ನ 3:45)

ನನಗೆ ಅವರು ಹೇಳಿದ್ದು ಒಬ್ಬ ತಾಯಿ ಕಲಿಸಿದರು ಅಂತ. ಹೆಚ್ಚು ಬಿಡಿಸಿ ಹೇಳಲಿಲ್ಲ.


ಮಾಸ್ತರ ಮಗಳು (ಶುಕ್ರವಾರ, ರಾತ್ರಿ 10:15)

ನಮಸ್ಕಾರ. ನಾನು ಅವರ ಮಗಳು. ಕೇಶ್ವಾಪುರದ ಅಣ್ಣ ಇದನ್ನು ತೋರಿಸಿದರು. ಅವ್ವನಿಗೆ ಎಲ್ಲ ಓದಿ ಹೇಳಿದೆ. ಫ್ಯಾನ್ ಬಂದ್ ಮಾಡಿದ ಮದುವೆಗೆ ಅವ್ವನೂ ಹೋಗಿದ್ದಳಂತೆ.

ತಬಲಾ ಕಾಕಾ ಹೇಳಿದ್ದೇ ಸರಿ. ಅಪ್ಪನಿಗೆ ಇಪ್ಪತ್ತು ವರ್ಷ. ವರ್ಕ್‌ಶಾಪ್ ಬಿಟ್ಟು ಸಂಜೆ ರೈಲ್ವೆ ಕಾಲೊನಿ ದಾರಿಯಲ್ಲಿ ಬರುವಾಗ ಒಂದು ಮನೆಯಿಂದ ಈ ದನಿ ಕೇಳುತ್ತಿತ್ತು. ಆಂಗ್ಲೋ ಇಂಡಿಯನ್ ಮನೆತನ. ಗಂಡ ಇಂಜಿನ್ ಡ್ರೈವರ್, ಹೆಂಡತಿ ಸಂಜೆ ಪಡಸಾಲೆಯಲ್ಲಿ ಕೂತು ಚರ್ಚಿನ ಹಾಡು ಬಾರಿಸುತ್ತಿದ್ದರು. ಅಪ್ಪ ಬೇಲಿ ಹೊರಗೆ ಸೈಕಲ್ ಹಿಡಿದು ನಿಲ್ಲುತ್ತಿದ್ದ. ಒಂದು ವಾರ ನೋಡಿ ಆಕೆಯೇ ಒಳಗೆ ಕರೆದರು. ಅಪ್ಪನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಆಕೆಗೆ ಕನ್ನಡ ಅಷ್ಟಕ್ಕಷ್ಟೇ. ಆಕೆ ಹಾಡುವುದು, ಇವನು ತಂತಿ ಮೇಲೆ ಹುಡುಕುವುದು. ಪಾಠ ಅಂದರೆ ಅದೇ. ಕಪ್ಪು ಕಾಗದ ಕೂಡ ಆಕೆಯದೇ ಉಪಾಯ. 1964ರಲ್ಲಿ ಅವರು ಆಸ್ಟ್ರೇಲಿಯಾಕ್ಕೆ ಹೊರಟರು. ಹೋಗುವಾಗ ಕಟ್ಟಿಗೆಯ ಗಿಟಾರ್ ಅಪ್ಪನ ಕೈಗೆ ಕೊಟ್ಟರು. ಮದುವೆಯಲ್ಲಿ ಬಾರಿಸಿದ್ದು ಅದನ್ನೇ. ಪ್ರತಿ ಕ್ರಿಸ್‌ಮಸ್‌ಗೆ ಅಪ್ಪ ಯಾರ ಕೈಯಲ್ಲಾದರೂ ಇಂಗ್ಲಿಷಿನಲ್ಲಿ ಕಾಗದ ಬರೆಸುತ್ತಿದ್ದ. ಬಹಳ ವರ್ಷ ಉತ್ತರ ಬಂತು.

ಈ ವರ್ಷ ಎಡಗೈಗೆ ಶಕ್ತಿ ಇರಲಿಲ್ಲ. ರಾಡ್ ಹಿಡಿಯಲು ಆಗುತ್ತಿರಲಿಲ್ಲ. ಆದರೂ ಹಾವೇರಿ ಅಕ್ಕನ ಶನಿವಾರದ ಫೋನಿಗೆ ಬೆಳಿಗ್ಗೆಯೇ ಕಾಯುತ್ತಿದ್ದ. ನೀವು ಬಾರಿಸುವಾಗ ಅವನ ಬಲಗೈ ಹೊದಿಕೆ ಮೇಲೆ ಮೀಟುತ್ತಿತ್ತು. ಮೊನ್ನೆ ಶನಿವಾರ ಫೋನ್ ಬಂದಾಗ ಅಪ್ಪ ನಿದ್ದೆಯಲ್ಲಿದ್ದ. ಎಬ್ಬಿಸಲು ಮನಸ್ಸಾಗಲಿಲ್ಲ ಅಕ್ಕಾ. ಎಬ್ಬಿಸಬೇಕಿತ್ತು.

ಕ್ಯಾಸೆಟ್ ಎಣಿಸಿದೆ. 31 ಇವೆ. ಪ್ರತಿಯೊಂದರ ಒಳಗೆ ಒಂದು ಚೀಟಿ. ರಾಗದ ಹೆಸರು, ತಬಲಾ ಯಾರು ಅಂತ ಬರೆದಿದ್ದಾನೆ. ಕೆಳಗೆ ತನ್ನ ತಪ್ಪುಗಳು. ‘12ನೇ ನಿಮಿಷ, ನಿಷಾದ ಏರಿದೆ.’ ‘20ನೇ ನಿಮಿಷ, ಅವಸರ ಮಾಡಿದೆ.’ ಒಂದು ಚೀಟಿಯಲ್ಲಿ ಮಾತ್ರ ತಪ್ಪು ಬರೆದಿಲ್ಲ. ‘ದರಬಾರಿ, ಧಾರವಾಡ. ಗಾಂಧಾರ ಆ ಹುಡುಗಿಯದು’ ಅಂತಿದೆ.


ಸಾಧನಕೇರಿ (ಶುಕ್ರವಾರ, ರಾತ್ರಿ 10:40)

ತಂಗೀ, ಆ ಚೀಟಿಯ ಒಂದು ಫೋಟೊ ಕಳಿಸುತ್ತೀಯಾ? ಬೇರೇನೂ ಬರೆಯಲು ಆಗುತ್ತಿಲ್ಲ.


ಮಾಸ್ತರ ಮಗಳು (ಶುಕ್ರವಾರ, ರಾತ್ರಿ 10:52)

ಕಳಿಸಿದೆ ಅಕ್ಕಾ.

ಎಲ್ಲರೂ ಬರುವ ಭಾನುವಾರ ಸಂಜೆ ನಾಲ್ಕಕ್ಕೆ ಮನೆಗೆ ಬನ್ನಿ ಅಂತ ಅವ್ವ ಹೇಳಿದ್ದಾಳೆ. ಟೇಪ್ ಕಾಕಾ ಮಷೀನ್ ತಂದರೆ ಡಬ್ಬಿ ಅವರ ಕೈಗೆ ಕೊಡುತ್ತೇನೆ. ವಿದ್ಯಾನಗರದ ತಮ್ಮನೂ ಬರಲಿ. ಗಿಟಾರ್ ಒಂದೇ ಇದೆ. ಕರೆಂಟಿನದು ಯಾವತ್ತೋ ಒಬ್ಬ ಶಿಷ್ಯನಿಗೆ ಕೊಟ್ಟುಬಿಟ್ಟ.


ವಿದ್ಯಾನಗರ 21 (ಶುಕ್ರವಾರ, ರಾತ್ರಿ 11:05)

ಬರುತ್ತೇನೆ ಅಕ್ಕಾ. ಕಂಪ್ಯೂಟರ್ ತರುತ್ತೇನೆ. ಟೇಪ್ ಇಳಿಸಲು ಕಾಕಾ ಹೇಳಿದ ಹಾಗೆ ಮಾಡುತ್ತೇನೆ.


ಏಲಕ್ಕಿಮಾಲೆ ಹಾವೇರಿ (ಶನಿವಾರ, ಬೆಳಿಗ್ಗೆ 6:30)

ನಿದ್ದೆ ಮಾಡಿದವರನ್ನು ಎಬ್ಬಿಸದೆ ಇದ್ದದ್ದೇ ಒಳ್ಳೆಯದು ತಂಗೀ. ಅದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡ.

ನಾನು ಮಧ್ಯಾಹ್ನದ ಬಸ್ಸಿಗೆ ಬರುತ್ತೇನೆ. ಗಿಟಾರ್ ತರುತ್ತೇನೆ. ಆದರೆ ನಿನ್ನೆ ರಾತ್ರಿ ಶ್ರುತಿ ಮಾಡುವಾಗ ಮೊದಲ ತಂತಿ ಹರಿಯಿತು. ಹಾವೇರಿಯಲ್ಲಿ ಸಿಗುತ್ತೋ ಇಲ್ಲವೋ.


ಕೇಶ್ವಾಪುರದ ಹುಡುಗ (ಶನಿವಾರ, ಬೆಳಿಗ್ಗೆ 6:50)

ನನ್ನ ಹತ್ತಿರ ಎರಡಿದೆ ಅಕ್ಕಾ. ಬಸ್ ಸ್ಟ್ಯಾಂಡಿಗೆ ಬಂದು ಕರೆದುಕೊಂಡು ಹೋಗುತ್ತೇನೆ. ಮನೆಗೆ ಹೋಗುವ ಮುಂಚೆ ಕಟ್ಟಿಬಿಡೋಣ.